ಉಸಿರಿಗೆಂದು ಬಿಟ್ಟ ಜಾಗ

ಹದಿನಾಲ್ಕು ಕಾಲೇಜುಗಳಿಗೆ ಅರ್ಜಿ ಹಾಕಿದ್ದರು. ಒಂಬತ್ತು ಕಾಲೇಜುಗಳು ವಿಡಿಯೋ ನೋಡಿಯೇ ಬೇಡವೆಂದವು. ಎರಡರಿಂದ ಉತ್ತರವೇ ಇಲ್ಲ. ಉಳಿದ ಮೂರು, ಬಂದು ಎದುರಿಗೆ ಹಾಡಿ ತೋರಿಸು ಎಂದು ಕರೆದಿದ್ದವು. ಮೂರೂ ಶಿಕಾಗೋದ ಒಂದೇ ಹೋಟೆಲಿನಲ್ಲಿ, ಫೆಬ್ರವರಿಯ ಒಂದೇ ಶನಿವಾರ.

ಶುಕ್ರವಾರ ಮಧ್ಯಾಹ್ನ ಮಾರ್ಗೋ ಟೊಲೀಡೋದಿಂದ ಕಾರು ಹೊರಡಿಸಿದಳು. ಪಕ್ಕದ ಸೀಟಿನಲ್ಲಿ ನಾದಿನಿ ರೋವನ್, ಹದಿನೇಳರ ಹುಡುಗಿ, ಬೂಟು ಬಿಚ್ಚಿ ಕಾಲನ್ನು ಎದುರಿಗೆ ಚಾಚಿ ಕೂತಿದ್ದಳು. ಇಂಡಿಯಾನಾ ದಾಟುವಷ್ಟು ಹೊತ್ತೂ ಹಿಮ ಅಡ್ಡಡ್ಡಲಾಗಿ ಬೀಳುತ್ತಿತ್ತು.

"ಅಮ್ಮ ಮತ್ತೆ ಮೆಸೇಜ್ ಹಾಕಿದಾಳೆ," ಎಂದಳು ರೋವನ್. "ಹಲ್ಲಿನ ಕೋರ್ಸಿಗೆ ಸೀಟು ಇನ್ನೂ ಇದೆಯಂತೆ."

"ಇರಲಿ ಬಿಡು."

"ಜನ ಬಾಯಿ ತೆಗೀತಾರೆ, ನಾನು ಒಳಗೆ ನೋಡ್ತೀನಿ. ಅದೂ ಒಂಥರಾ ರಂಗಭೂಮೀನೇ."

ಮಾರ್ಗೋ ನಗಲಿಲ್ಲ, ಆದರೆ ಅದು ತಮಾಷೆಯೆಂದು ಅವಳಿಗೆ ತಿಳಿಯಿತು. ಈಚೆಗೆ ಅಷ್ಟೇ ಆಗುತ್ತಿತ್ತು. ಅತ್ತೆ ಲೊರೇನ್ ಜೊತೆ ಒಪ್ಪಂದವಾಗಿತ್ತು: ಈ ಮೂರರಲ್ಲಿ ಒಂದಾದರೂ ಸಿಕ್ಕಿದರೆ ರೋವನ್ ಸಂಗೀತ ನಾಟಕ ಕಲಿಯಲು ಹೋಗಬಹುದು. ಸಿಗದಿದ್ದರೆ ಊರಲ್ಲೇ ಉಳಿದು, ಹಲ್ಲಿನ ಡಾಕ್ಟರ ಸಹಾಯಕಿಯಾಗುವ ಎರಡು ವರ್ಷದ ಕೋರ್ಸು. ಲೊರೇನ್ ಕೆಟ್ಟವಳಲ್ಲ. ಇದ್ದ ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಕಳೆದುಕೊಂಡವಳು, ಇನ್ನೊಬ್ಬಳು ಕಣ್ಣೆದುರಿಗೆ ಇರಲಿ ಎಂದುಕೊಂಡಿದ್ದಳು.

ಇದನ್ನೆಲ್ಲ ಶುರು ಮಾಡಿದವನು ಗ್ರೇಡಿ, ಮಾರ್ಗೋಳ ಗಂಡ, ರೋವನ್‌ಳ ಅಣ್ಣ. ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ತಂಗಿ ಹತ್ತನೇ ತರಗತಿಯಲ್ಲಿದ್ದಾಗಲೇ ಚರ್ಚಿನ ಚೀಟಿಯೊಂದರ ಹಿಂಬದಿಗೆ ಕಾಲೇಜುಗಳ ಪಟ್ಟಿ ಬರೆದಿದ್ದ. ಎರಡು ಹಾಡು ಆರಿಸಿ, ಅವಕ್ಕೆ ಪಿಯಾನೋ ನುಡಿಸಿ, ಅಭ್ಯಾಸ ಮಾಡಲಿ ಎಂದು ಅವಳ ಫೋನಿಗೆ ಹಾಕಿಕೊಟ್ಟಿದ್ದ. ಆಮೇಲೆ ಒಂದು ಮಂಗಳವಾರ ಶಾಲೆಯ ಪಾರ್ಕಿಂಗಿನಲ್ಲಿ, ಕಾರಿನ ಬಾಗಿಲು ತೆಗೆಯುತ್ತ ಕುಸಿದುಬಿದ್ದ. ಮೂವತ್ತೊಂದು ವಯಸ್ಸು. ಅದಾಗಿ ಹದಿನಾಲ್ಕು ತಿಂಗಳು.

"ನನಗೆ ಇದರ ತಲೆಬುಡ ತಿಳಿಯಲ್ಲ, ನೀನು ಓದಿದವಳು, ನೀನೇ ನೋಡು," ಎಂದು ಲೊರೇನ್ ಆ ಚೀಟಿಯನ್ನು ಮಾರ್ಗೋಳ ಕೈಗೆ ಕೊಟ್ಟಿದ್ದಳು.

ಮಾರ್ಗೋ ಓದಿದ್ದು ಇತಿಹಾಸ. ಕೆಲಸ ಲೈಬ್ರರಿಯಲ್ಲಿ. ಸಂಗೀತ ನಾಟಕವೆಂದರೆ ಅವಳ ಪಾಲಿಗೆ ಕತ್ತಲ ಸಭಾಂಗಣದಲ್ಲಿ ಗಂಡನ ಭುಜಕ್ಕೊರಗಿ ನಿದ್ದೆ ಹೋಗುವುದು. ಆದರೆ ಅರ್ಜಿ ತುಂಬುವುದು ಅವಳಿಗೆ ಗೊತ್ತಿತ್ತು. ಒಂದು ದೊಡ್ಡ ಹಾಳೆಯಲ್ಲಿ ಗೆರೆ ಹಾಕಿಕೊಂಡು ಕೂತಳು. ಒಂದು ಕಾಲೇಜಿಗೆ ಒಂದು ನಿಮಿಷದ ಹಾಡು ಸಾಕು, ಇನ್ನೊಂದಕ್ಕೆ ಒಂದೂವರೆ ನಿಮಿಷ. ಒಂದಕ್ಕೆ ಹುಡುಗಿ ಮಂಡಿಯಿಂದ ಮೇಲಕ್ಕೆ ಕಾಣಬೇಕು, ಮತ್ತೊಂದಕ್ಕೆ ನೆತ್ತಿಯಿಂದ ಅಂಗಾಲಿನವರೆಗೆ. ನಾಲ್ಕು ಕಾಲೇಜುಗಳಿಗೆ ನಿನಗೆ ತೋಚಿದ್ದೇನಾದರೂ ಮಾಡಿ ತೋರಿಸು ಎನ್ನುವ ವಿಡಿಯೋ ಬೇರೆ. ರೋವನ್ ಅಮ್ಮನ ಕಾರಿನ ಚಕ್ರ ಬದಲಾಯಿಸುತ್ತ ಹಾಡಿದಳು. ಅಕ್ಟೋಬರಿನ ಚಳಿಯಲ್ಲಿ ಏಳು ಸಲ ಚಕ್ರ ಬಿಚ್ಚಿ, ಏಳು ಸಲ ಹಾಕಿ.

ಪ್ರಬಂಧವನ್ನೂ ಬರೆಯಬೇಕಿತ್ತು. "ಸತ್ತ ಅಣ್ಣ ಇದ್ರೆ ಪ್ರಬಂಧ ಸಲೀಸು, ಗೊತ್ತಾ?" ಎಂದಿದ್ದಳು ರೋವನ್. "ಕ್ಲಾಸಲ್ಲಿ ಉಳಿದವರೆಲ್ಲ ನನ್ನ ನೋಡಿ ಹೊಟ್ಟೆ ಉರ್ಕೋತಾರೆ." ಕೊನೆಗೆ ಬರೆದದ್ದು ಚಕ್ರದ ಬಗ್ಗೆ.

ಶನಿವಾರ ಬೆಳಿಗ್ಗೆ ಹೋಟೆಲಿನ ಲಿಫ್ಟಿನಲ್ಲಿ ಆರು ಹುಡುಗಿಯರು ಆರು ಶ್ರುತಿಯಲ್ಲಿ ಗುನುಗುತ್ತಿದ್ದರು. ಮೊಗಸಾಲೆಯ ಗೋಡೆಗೊರಗಿ ಅಪ್ಪಂದಿರು ಕೋಟು ಹೊದ್ದು ನಿದ್ದೆ ಹೋಗಿದ್ದರು. ಪ್ರತಿ ಬಾಗಿಲಿಗೂ ಒಂದೊಂದು ಕಾಲೇಜಿನ ಹೆಸರು ಅಂಟಿಸಿತ್ತು.

"ಎಲ್ರೂ ನನ್ ಥರಾನೇ ಇದಾರೆ," ಎಂದಳು ರೋವನ್.

"ನೀನು ಹಸಿರು ಹಾಕ್ಕೊಂಡಿದೀಯ."

"ಎಲ್ರೂ ಹಸಿರೇ ಹಾಕ್ಕೊಂಡಿದಾರೆ, ಮಾರ್ಗೋ. ಹೊಲದಲ್ಲಿ ನಿಂತಂಗಿದೆ."

ಮಾರ್ಗೋ ಅವಳ ಕೈಗೆ ಕಪ್ಪು ಫೈಲು ಕೊಟ್ಟಳು. ಅದರಲ್ಲಿ ಎರಡೂ ಹಾಡುಗಳ ಸ್ವರಲಿಪಿ. ಒಳಗಿರುವ ಪಿಯಾನೋದವರ ಕಣ್ಣಿಗೆ ದೀಪದ ಬೆಳಕು ಹೊಡೆಯಬಾರದೆಂದು ಹೊಳಪಿಲ್ಲದ ಹಾಳೆಚೀಲಗಳನ್ನೇ ಹುಡುಕಿ ತಂದಿದ್ದಳು. ಪುಟ ತಿರುವುವುದು ಕಡಿಮೆಯಾಗಲೆಂದು ಎದುರುಬದುರು ಜೋಡಿಸಿದ್ದಳು. ಇಡೀ ವರ್ಷದಲ್ಲಿ ಯಾರನ್ನೂ ಕೇಳದೆ ತಾನೇ ತಿಳಿದು ಸರಿಯಾಗಿ ಮಾಡಿದ ಒಂದು ಕೆಲಸವೆಂದರೆ ಅದು.

ಮೊದಲನೆಯ ಕೋಣೆಯಿಂದ ರೋವನ್ ನಾಲ್ಕೇ ನಿಮಿಷಕ್ಕೆ ಹೊರಬಂದಳು.

"ಏನಾಯ್ತು?"

"ಗೊತ್ತಿಲ್ಲ. ಪಿಯಾನೋದವನು ಒಂದು ಕಡೆ ಹೋದ, ನಾನು ಒಂದು ಕಡೆ ಹೋದೆ. ಮುಗಿಯೋ ಹೊತ್ತಿಗೆ ಇಬ್ರೂ ಮನೆಗೆ ಬಂದ್ವಿ, ಆದ್ರೆ ಬೇರೆಬೇರೆ ಮನೆಗೆ."

"ಗಾಬರಿಯಾಗಿರ್ತೀಯ."

"ಆಗಿರ್ಲಿಲ್ಲ. ಈಗ ಆಗಿದೆ."

ಎರಡನೆಯದು ಹನ್ನೊಂದೂವರೆಗೆ. ಈ ಸಲ ಮೂರು ನಿಮಿಷ. ರೋವನ್ ಮಾರ್ಗೋಳನ್ನು ದಾಟಿ ಬಚ್ಚಲುಮನೆಯ ಕಡೆಗೆ ನಡೆದುಬಿಟ್ಟಳು. ಮಾರ್ಗೋ ಎದ್ದು ಹಿಂದೆ ಹೋಗಬೇಕೆಂದುಕೊಂಡಳು. ಹೋಗಲಿಲ್ಲ. ಗೋಡೆಗೆ ತಲೆ ಆನಿಸಿ, ನೆಲಹಾಸಿನ ಮೇಲಿನ ಚೌಕಗಳನ್ನು ನೋಡುತ್ತ ಕೂತಳು.

ಸ್ವಲ್ಪ ಹೊತ್ತಿಗೆ ಅದೇ ಬಾಗಿಲಿಂದ ಕೆಂಪು ಶಾಲಿನ ಹೆಂಗಸೊಬ್ಬಳು ಬಂದಳು. ಅರವತ್ತರ ಮೇಲಿನ ವಯಸ್ಸು. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಕಪ್ಪು ಫೈಲು.

"ಹಸಿರು ಫ್ರಾಕಿನ ಹುಡುಗಿ ನಿಮ್ಮವಳಾ? ಇದನ್ನ ಪಿಯಾನೋ ಮೇಲೆ ಬಿಟ್ಟು ಓಡಿಬಿಟ್ಲು."

"ನನ್ನ ನಾದಿನಿ. ಥ್ಯಾಂಕ್ಸ್."

ಹೆಂಗಸು ಫೈಲು ಕೊಡಲಿಲ್ಲ. ಪಕ್ಕದಲ್ಲಿ ಕೂತು ಅದನ್ನು ತೆರೆದಳು. "ಇಲ್ಲಿ ಗುರುತು ಹಾಕಿದ್ದು ಯಾರು?"

"ನನ್ನ ಗಂಡ."

"ಅವರೇ ನುಡಿಸ್ತಾರಾ?"

"ನುಡಿಸ್ತಿದ್ರು."

"ಅದಕ್ಕೇ ಮತ್ತೆ. ತಾನೇ ನುಡಿಸೋನು ತನಗೆ ಮಾತ್ರ ತಿಳಿಯೋ ಹಾಗೆ ಬರ್ಕೋತಾನೆ." ಅವಳು ಬಾಳೆಹಣ್ಣಿನ ತುದಿಯಿಂದ ತೋರಿಸಿದಳು. "ನೋಡಿ, ಈ ಕಂಸ. ಯಾರು ನೋಡಿದ್ರೂ ಇದರ ಒಳಗಿರೋದನ್ನ ನುಡಿಸು ಅಂತಾನೇ ಓದ್ತಾರೆ. ಅವರು ಹಾಕಿರೋದು ಬಿಟ್ಟುಬಿಡು ಅಂತ. ನಾನು ಬಿಡಬೇಕಾದ್ದನ್ನೇ ನುಡಿಸಿದೆ. ಪಾಪ, ಹುಡುಗಿ ಮುಂದಕ್ಕೆ ಹೋಗಿದ್ಲು." ಅವಳು ಪುಟ ತಿರುವಿದಳು. "ಆಮೇಲೆ ಇದೇನಿದು? ಮೀನಾ?"

ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಪುಟ್ಟ ಮೀನು. ಬಾಯಿ ತೆರೆದದ್ದು. ಒಂದೇ ಸಾಲು ಮರಳಿ ಬರುವ ಕಡೆಯಲ್ಲೆಲ್ಲ, ಆ ಹಾಡಿನಲ್ಲಿ ಒಟ್ಟು ನಾಲ್ಕಿದ್ದವು.

"ಅಲ್ಲಿ ನಿಲ್ಲಬೇಕು. ಅವಳು ಉಸಿರು ತಗೊಳ್ಳೋವರೆಗೆ," ಎಂದಳು ಮಾರ್ಗೋ. "ಹದಿನೈದರಲ್ಲಿ ಅವಳಿಗೆ ಆ ಸಾಲು ಒಂದೇ ಉಸಿರಿಗೆ ಬರ್ತಿರ್ಲಿಲ್ಲ. ನೀರಿಂದ ತೆಗೆದ ಮೀನಿನ ಹಾಗೆ ಮಾಡ್ತೀಯ ಅಂತ ರೇಗಿಸ್ತಿದ್ರು."

"ನಂಗೆ ಮೀನು ಓದೋಕೆ ಬರಲ್ಲ," ಎಂದಳು ಹೆಂಗಸು. ಒರಟಾಗಿ ಹೇಳಲಿಲ್ಲ. "ಇವತ್ತು ಇನ್ನೂ ಇದೆಯಾ?"

"ಎರಡೂಕಾಲಿಗೆ ಒಂದು."

"ಹಾಗಾದ್ರೆ ಎಲ್ಲ ಅಳಿಸಿ ಹೊಸದಾಗಿ ಬರೀರಿ. ಬಿಡಬೇಕಾದ್ದರ ಮೇಲೆ ದಪ್ಪ ಗೀಟು. ಶುರು ಎಲ್ಲಿ, ಮುಗಿಯೋದು ಎಲ್ಲಿ, ಅಷ್ಟೇ. ಆಮೇಲೆ ಒಳಗೆ ಹೋದ ತಕ್ಷಣ ಪಿಯಾನೋ ಹತ್ರ ಬಂದು ಲಯ ಕೊಡೋಕೆ ಹೇಳಿ. ಅವಳು ಕೊಡಲೇ ಇಲ್ಲ. ಸುಮ್ನೆ ನಿಂತು ನನ್ನ ಮುಖ ನೋಡ್ತಿದ್ಲು."

ಹೆಂಗಸು ಬಾಳೆಹಣ್ಣು ಮುಗಿಸಿ, ತನ್ನ ಚೀಲದಿಂದ ಒಂದು ಪೆನ್ಸಿಲ್ಲು, ಒಂದು ರಬ್ಬರು ತೆಗೆದುಕೊಟ್ಟು ಒಳಗೆ ಹೋದಳು.

ಲಯ ಕೊಡುವುದೆಂದರೆ ಇಷ್ಟೇ: ಹಾಡುವವಳು ಪಿಯಾನೋದ ಪಕ್ಕ ನಿಂತು, ಮೊದಲ ಸಾಲನ್ನು ಮೆಲ್ಲಗೆ ಗುನುಗುತ್ತ ಎದೆಯ ಮೇಲೆ ಬೆರಳಿಂದ ತಟ್ಟಿ, ಇಷ್ಟು ವೇಗಕ್ಕೆ ನುಡಿಸಿ ಎಂದು ತೋರಿಸಬೇಕು. ಅಲ್ಲಿದ್ದ ಎಲ್ಲ ಮಕ್ಕಳಿಗೂ ಅದು ಗೊತ್ತಿತ್ತು. ರೋವನ್ ಎಂದೂ ಮಾಡಿರಲಿಲ್ಲ. ಮೊದಲು ಅಣ್ಣನೇ ಇದ್ದ, ಆಮೇಲೆ ಫೋನಿನಲ್ಲಿ ಅಣ್ಣನಿದ್ದ. ಹದಿನಾಲ್ಕು ತಿಂಗಳಲ್ಲಿ ಒಮ್ಮೆಯಾದರೂ ಬೇರೆಯವರ ಮುಂದೆ ಆ ಹಾಳೆ ಇಟ್ಟು ನುಡಿಸಿ ನೋಡಿ ಎನ್ನಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಹೊಳೆಯದೆ ಇದ್ದದ್ದೋ, ಹೊಳೆಯಗೊಡದೆ ಇದ್ದದ್ದೋ, ಮಾರ್ಗೋಗೆ ಯೋಚಿಸುವಷ್ಟು ತ್ರಾಣವಿರಲಿಲ್ಲ.

ರೋವನ್ ಮುಖ ತೊಳೆದುಕೊಂಡು ಬಂದಳು. ಮಾರ್ಗೋ ನಡೆದದ್ದನ್ನು ಹೇಳಿದಳು. ಹುಡುಗಿ ಫೈಲು ನೋಡಿದಳು, ರಬ್ಬರು ನೋಡಿದಳು.

"ಅಳಿಸು."

"ನೋಡೋಣ. ಮೀನು ಹಾಗೇ ಇಟ್ಟು, ಪಕ್ಕದಲ್ಲಿ ಸ್ವಲ್ಪ ನಿಲ್ಲಿ ಅಂತ ಬರೆದ್ರೆ?"

"ಬೇಡ."

"ಉಸಿರು ಸಾಲದೆ ಹೋದ್ರೆ ಏನ್ಮಾಡ್ತೀಯ?"

ರೋವನ್ ನೆಲಹಾಸಿನ ಮೇಲೆ ಎದುರಿಗೆ ಕೂತಳು. "ಮಾರ್ಗೋ, ನಂಗೆ ಆ ಉಸಿರು ಬೇಡ. ಹೋದ ವರ್ಷದಿಂದಾನೇ ಬೇಡ. ಆ ಸಾಲು ಒಂದೇ ಉಸಿರಿಗೆ ಬರತ್ತೆ. ಫೋನಲ್ಲಿ ಅವನು ನುಡಿಸ್ತಾ ನಿಲ್ತಾನಲ್ಲ, ಅದಕ್ಕೆ ನಾನೂ ನಿಂತು ಕಾಯ್ತಿದ್ದೆ. ಪ್ರತಿ ಸಲ. ಆ ಒಂಬತ್ತು ಕಾಲೇಜಿನವರೂ ನೋಡಿದ್ದು ಅದನ್ನೇ. ಹುಡುಗಿ ಹಾಡ್ತಾಳೆ, ನಿಲ್ತಾಳೆ, ಸುಮ್ನೆ ನೋಡ್ತಾಳೆ."

"ಯಾಕೆ ಹೇಳಲಿಲ್ಲ?"

"ನಿನ್ ಹತ್ರ ಹೆಂಗೆ ಹೇಳೋದು? ಕಾರಲ್ಲಿ ಅದನ್ನೇ ಹಾಕ್ಕೊಂಡು ಕೂತಿರ್ತೀಯ."

ನಿಜವೇ. ಲೈಬ್ರರಿಯ ಪಾರ್ಕಿಂಗಿನಲ್ಲಿ, ಒಳಗೆ ಹೋಗುವ ಮುಂಚೆ, ಮಾರ್ಗೋ ದಿನಾ ಅದನ್ನು ಹಾಕಿಕೊಳ್ಳುತ್ತಿದ್ದಳು. ಹಾಡಿಗಾಗಿ ಅಲ್ಲ. ಆ ನಾಲ್ಕು ಕಡೆ ಪಿಯಾನೋ ನಿಂತಾಗ, ತಂಗಿಗೆ ನೆನಪಿಸುವವನ ಹಾಗೆ ಗ್ರೇಡಿ ತಾನೂ ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತು. ಹುಡುಗಿಗೆ ಅದು ಗೊತ್ತಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಎರಡೂಕಾಲಿನದು ಇಂಡಿಯಾನಾದ ಒಂದು ಸಣ್ಣ ಕಾಲೇಜು. ಗ್ರೇಡಿಯ ಚೀಟಿಯಲ್ಲಿ ಅದರ ಹೆಸರಿರಲಿಲ್ಲ. ರೋವನ್ ತಾನೇ ಸೇರಿಸಿದ್ದು. ನೋಡಲು ಹೋದ ದಿನ ಅಲ್ಲಿನ ಹುಡುಗರು ಅವಳನ್ನು ಕೂರಿಸಿಕೊಂಡು ಪಿಜ್ಜಾ ತಿಂದಿದ್ದರು, ಅಣ್ಣನ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ಅವರಿಗೆ ತಿಳಿದೇ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ ಕಾಲೇಜು.

"ಫೋಟೋ ತಗೋ," ಎಂದಳು ರೋವನ್. "ಆಮೇಲೆ ಅಳಿಸು."

ಮಾರ್ಗೋ ಹಾಳೆಗಳನ್ನು ಚೀಲದಿಂದ ತೆಗೆದು ನೆಲದ ಮೇಲೆ ಹಾಸಿ ಫೋಟೋ ತೆಗೆದಳು. ಇಬ್ಬರ ತಲೆಯ ನೆರಳೂ ಅದರಲ್ಲಿ ಬಿತ್ತು. ಇನ್ನೊಂದು ತೆಗೆಯಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಂಸಗಳಿಂದ ಶುರು ಮಾಡಿದಳು. ಗ್ರೇಡಿ ಪೆನ್ಸಿಲ್ಲನ್ನು ಒತ್ತಿ ಬರೆಯುತ್ತಿದ್ದ. ಅಳಿಸಿದ ಮೇಲೂ ಕಾಗದದಲ್ಲಿ ತಗ್ಗು ಉಳಿಯುತ್ತಿತ್ತು. ಮೊದಲ ಮೀನು, ಎರಡನೆಯದು, ಮೂರನೆಯದು. ನಾಲ್ಕನೆಯದರ ಮುಂದೆ ರಬ್ಬರು ನಿಂತಿತು.

"ಕೊಡು ಇಲ್ಲಿ," ಎಂದು ರೋವನ್ ರಬ್ಬರು ಇಸಿದುಕೊಂಡು ಕೊನೆಯದನ್ನು ಅಳಿಸಿದಳು. ಬಾಲದಿಂದ ಬಾಯಿಯವರೆಗೆ, ನೀಟಾಗಿ.

ಮಾರ್ಗೋ ದಪ್ಪ ಗೀಟು ಎಳೆದಳು. ಲೈಬ್ರರಿಯ ಚೀಟಿಗಳಲ್ಲಿ ಬರೆಯುವ ಬಿಡಿ ಅಕ್ಷರದಲ್ಲಿ 'ಶುರು', 'ಮುಕ್ತಾಯ' ಎಂದು ಬರೆದಳು.

"ಈಗ ಲಯ ಕೊಡು. ನಾನೇ ಪಿಯಾನೋದವಳು."

"ನಿಂಗೆ ತಾಳಾನೇ ಬರಲ್ಲ."

"ಅದಕ್ಕೇ ಸರಿಯಾಗಿ ಕೊಡು."

ರೋವನ್ ಎದೆಯ ಮೇಲೆ ತಟ್ಟಿದಳು. ಮಾರ್ಗೋ ಅದನ್ನೇ ತನ್ನ ಮೊಣಕಾಲಿನ ಮೇಲೆ ತಟ್ಟಿದಳು. ಅದು ಗ್ರೇಡಿಯದೇ ನಡೆ. ಇಬ್ಬರಿಗೂ ತಿಳಿಯಿತು.

"ಮತ್ತೆ."

ಮತ್ತೆಯೂ ಅದೇ. ಐದನೆಯ ಸಲ ರೋವನ್ ಕಣ್ಣು ಮುಚ್ಚಿ ತಟ್ಟಿದಳು. ಈ ಸಲ ಚುರುಕಾಗಿತ್ತು. ಎಷ್ಟೆಂದರೆ, ಬಸ್ಸು ಹಿಡಿಯಲು ಓಡದೆ ಬೇಗ ನಡೆಯುವವರ ಹೆಜ್ಜೆಯಷ್ಟು.

"ಅದು ಯಾರದ್ದು?" ಎಂದಳು ಮಾರ್ಗೋ.

"ನಂದು ಅನ್ಸತ್ತೆ."

ಒಳಗಿನವರು ಹೆಸರು ಕರೆದಾಗ ಗಂಟೆ ಎರಡೂ ಇಪ್ಪತ್ತಾಗಿತ್ತು. ಬಾಗಿಲು ಮುಚ್ಚಿಕೊಂಡಿತು. ಹೋಟೆಲಿನ ಬಾಗಿಲು ತೆಳ್ಳಗಿತ್ತು. ಒಳಗೆ ಏನೋ ಮಾತು, ಯಾರೋ ಸಣ್ಣಗೆ ನಕ್ಕದ್ದು. ಆಮೇಲೆ ಪಿಯಾನೋ. ಹುಡುಗಿ ಕೊಟ್ಟ ಲಯದಲ್ಲೇ ಬಂತು.

ಮಾರ್ಗೋ ಆ ಸಾಲು ಬರುವುದನ್ನು ಕಾದಳು. ಬಂದಾಗ ಅಭ್ಯಾಸಬಲದಿಂದ ತಾನು ಉಸಿರೆಳೆದುಕೊಂಡಳು. ಹಾಡು ನಿಲ್ಲಲಿಲ್ಲ. ಅವಳ ಎದೆ ತುಂಬಿಕೊಂಡು ನಿಂತಿರುವಾಗಲೇ ಅದು ಮುಂದಿನ ಸಾಲಿಗೆ ಹೋಗಿ, ಅದರ ಮುಂದಿನದಕ್ಕೂ ಹೋಯಿತು. ಎರಡನೆಯ ಮೀನಿನ ಜಾಗದಲ್ಲೂ ಹಾಗೇ ಆಯಿತು. ಮೂರನೆಯದು ಎಲ್ಲಿ ಬಂತೆಂದು ಅವಳಿಗೆ ತಿಳಿಯಲಿಲ್ಲ.

ಒಂಬತ್ತು ನಿಮಿಷದ ಮೇಲೆ ರೋವನ್ ಹೊರಗೆ ಬಂದಳು, ಫೈಲನ್ನು ಕಂಕುಳಲ್ಲಿ ಅವುಚಿಕೊಂಡು.

"ಇನ್ನೊಂದು ಹಾಡು ಇದೆಯಾ ಅಂದ್ರು."

"ಹಾಡಿದ್ಯಾ?"

"ಹಾಡಿದೆ. ಆಮೇಲೆ ಚಕ್ರ ನಿಜವಾಗ್ಲೂ ಗಟ್ಟಿಯಾಗಿ ಕೂತಿತ್ತಾ ಅಂತ ಕೇಳಿದ್ರು. ಅಮ್ಮ ಇವತ್ತಿಗೂ ಅದರ ಮೇಲೇ ಓಡಾಡ್ತಿದಾಳೆ ಅಂದೆ." ಅವಳು ಗೋಡೆಗೊರಗಿ ಜಾರಿ ಕೂತಳು. "ಉತ್ತರ ಮಾರ್ಚ್ ಕೊನೆಗಂತೆ. ಸಿಕ್ಕತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಸಿಗದೆ ಹೋದ್ರೂ ನಾನು ಹಾಡಿದ್ದಕ್ಕೆ ಸಿಗಲಿಲ್ಲ ಅಂತ ಆಗತ್ತೆ, ಕಾದು ನಿಂತಿದ್ದಕ್ಕಲ್ಲ. ಅಷ್ಟು ಸಾಕು."

"ನಿಮ್ಮಮ್ಮಂಗೆ ಏನು ಹೇಳ್ಲಿ?"

"ಹಸಿವಾಗಿದೆ ಅಂತ ಹೇಳು."

ಮಾರ್ಗೋ ಏಳಹೋದಾಗ ಕಪ್ಪು ಪ್ಯಾಂಟಿನ ತುಂಬ ರಬ್ಬರಿನ ಪುಡಿ ಕಾಣಿಸಿತು. ಅಂಗೈಯಿಂದ ಒಟ್ಟುಮಾಡಿದಳು. ಬೂದು ಬಣ್ಣದ ಒಂದು ಚಿಟಿಕೆ. ಹತ್ತಿರದಲ್ಲಿ ಕಸದ ಡಬ್ಬಿ ಇರಲಿಲ್ಲ. ಬೆಳಗಿನ ಕಾಫಿಯ ಕಾಗದದ ಲೋಟ ಗೋಡೆಯ ಬದಿಗಿತ್ತು, ಅದರೊಳಗೆ ಹಾಕಿ ಮುಚ್ಚಳ ಒತ್ತಿದಳು.

"ಬಾ," ಎಂದಳು. "ಪೆನ್ಸಿಲ್ಲು, ರಬ್ಬರು ಆಯಮ್ಮಂಗೆ ವಾಪಸ್ ಕೊಟ್ಟು ಊಟಕ್ಕೆ ಹೋಗೋಣ."