ರಾಡ್ ಓವನ್ನಿನಲ್ಲಿ ಊಟದ ಡಬ್ಬಿ

“ಊಟ ತಣ್ಣಗಿತ್ತು ಅಂತ ದಿನಾ ಮುಖ ಊದಿಸ್ಕೊಂಡು ಬರ್ತಿದ್ರಿ. ಈ ವಾರ ಸದ್ದೇ ಇಲ್ಲ! ಯಾರಪ್ಪಾ ಬಿಸಿ ಮಾಡಿಕೊಡೋರು?” ವೆಲ್ಡರ್ ಮನೆಗೆ ಬಂದು ಕೈ ತೊಳೆಯುವಷ್ಟರಲ್ಲಿ ಹೆಂಡತಿ ಕೇಳಿಯೇಬಿಟ್ಟಳು.

ಅವನು ಮೀಸೆ ತಿರುವಿದ. “ವೆಲ್ಡಿಂಗ್ ರಾಡ್ ಒಣಗಿಸೋ ಓವನ್ ಇದೆಯಲ್ಲ, ಅದರೊಳಗೆ ಡಬ್ಬಿ ಇಟ್ಬಿಡ್ತೀನಿ. ಬಾಯಿ ಸುಡೋಷ್ಟು ಬಿಸಿ!”

ಟೀ ಕುಡಿಯುತ್ತಿದ್ದ ಹೆಂಡತಿಯ ತಂಗಿ ಲೋಟ ಕೆಳಗಿಟ್ಟಳು. ಅವನು ದುಡಿಯುವ ಗ್ಯಾಸ್ ಪೈಪ್‌ಲೈನಿನಲ್ಲೇ ಬೆಸುಗೆ ಪರೀಕ್ಷಿಸುವುದು ಅವಳ ಕೆಲಸ. ಮೊನ್ನೆ ಪರೀಕ್ಷೆಯಲ್ಲಿ ಚೆನ್ನಾಗಿದ್ದ ಭಾವನದೇ ಒಂದು ಬೆಸುಗೆಯಲ್ಲಿ ಇವತ್ತು ಕೂದಲೆಳೆಯಷ್ಟು ಬಿರುಕು ಸಿಕ್ಕಿತ್ತು. ಪೈಪೇ ಕಳಪೆ ಎಂದು ಎಲ್ಲರೂ ಬೈದಿದ್ದರು. ಅವಳ ತಲೆಯಲ್ಲಿ ಮಾತ್ರ ಹುಳ ಕೊರೆಯುತ್ತಿತ್ತು.

“ಭಾವ, ಮೊನ್ನೆನೂ ಇಟ್ಟಿದ್ರಾ? ಹಾಗಾದ್ರೆ ರಾಡಿಗೆ ತೇವ ಹಿಡಿದಿದೆ.”

“ಅಷ್ಟು ಬಿಸಿ ಓವನ್ನಲ್ಲಿ ತೇವವಾ? ಯಾರ ಕಿವಿಗೆ ಹೂವಿಡ್ತೀಯಮ್ಮ!”

ಹೆಂಡತಿ ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದು ಅವನ ಮುಂದೆ ಬಗ್ಗಿಸಿದಳು. ಹನಿಗಳು ತೊಟ್ಟಿಕ್ಕಿದವು.

“ಡಬ್ಬಿಯ ಊಟದಿಂದ ಏಳೋ ಇಂಥ ಹಬೆನೇ ರಾಡಿನ ಮೇಲಿರೋ ಲೇಪಕ್ಕೆ ಸೇರುತ್ತೆ,” ಅಂದಳು ತಂಗಿ. “ವೆಲ್ಡಿಂಗ್ ಕಾವಿಗೆ ನೀರು ಒಡೆದು, ಹೈಡ್ರೋಜನ್ ಉಕ್ಕಿನೊಳಗೆ ನುಸುಳುತ್ತೆ. ಒಂದೆರಡು ದಿನ ಒಳಗೊಳಗೇ ಓಡಾಡಿ, ಎಳೆತ ಜಾಸ್ತಿ ಇರೋ ಕಡೆ ಸೇರ್ಕೊಂಡು ಬಿರುಕು ಬಿಡಿಸುತ್ತೆ.”

“ನಮ್ಮದು ಭಾರಿ ಗಟ್ಟಿ ಉಕ್ಕು!”

“ಗಟ್ಟಿಯಾದಷ್ಟೂ ಅಪಾಯ, ಭಾವ. ಮೆತ್ತಗಿನ ಉಕ್ಕು ಸ್ವಲ್ಪ ಹಿಗ್ಗಿ ತಡ್ಕೊಳ್ಳುತ್ತೆ. ಇದು ಜಗ್ಗಲ್ಲ, ಸೀಳುತ್ತೆ.”

“ಥೇಟ್ ಇವರ ಹಾಗೇ,” ಅಂದಳು ಹೆಂಡತಿ.

ವೆಲ್ಡರ್‌ಗೆ ನಗು ಬರಲಿಲ್ಲ. ಈ ವಾರ ಅವನು ಬೆಸೆದದ್ದು ಹನ್ನೊಂದು ಜೋಡಣೆ. ಎರಡನೇ ಸಲ ಪರೀಕ್ಷೆಯಾದದ್ದು ಒಂದೇ. ಉಳಿದ ಹತ್ತು ನಾಳೆ ಮಣ್ಣಿನಡಿ ಹೋಗುತ್ತವೆ, ಮಗಳ ಶಾಲೆಯ ಗೋಡೆ ಪಕ್ಕದಲ್ಲೇ. ಬಾಯಿ ಮುಚ್ಚಿಕೊಂಡಿದ್ದರೆ ಇಪ್ಪತ್ತು ವರ್ಷದ ಒಳ್ಳೆಯ ಹೆಸರು ಉಳಿಯುತ್ತದೆ. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು, ಹೆಸರಿಗಾಗಿ ಅಲ್ಲ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಹನ್ನೊಂದಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿದ. “ತಪ್ಪು ಪೈಪಿನದ್ದಲ್ಲ ಸಾರ್, ನನ್ನದು,” ಎಂದು ಎಂಜಿನಿಯರಿಗೆ ಹೇಳಿದ. ಮತ್ತೆ ನೋಡಿದಾಗ ಇನ್ನೂ ಮೂರರಲ್ಲಿ ಬಿರುಕಿತ್ತು. ಎಲ್ಲವನ್ನೂ ಕತ್ತರಿಸಿ, ಒಣ ರಾಡಿನಿಂದ ಹೊಸದಾಗಿ ಬೆಸೆದರು.

ಬೆಸುಗೆ ಹಾಕುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ರಾಡ್ ಓವನ್ ಇವತ್ತೇ ತೆರೆದು ನೋಡಿ. ಅದರಲ್ಲಿ ರಾಡ್ ಬಿಟ್ಟು ಬೇರೇನೂ ಇರಬಾರದು. ಗಟ್ಟಿ ಉಕ್ಕಿನ ಬೆಸುಗೆಯನ್ನು ಎರಡು ದಿನ ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ತಪ್ಪಾಗಿದ್ದರೆ ಮಣ್ಣು ಮುಚ್ಚುವ ಮೊದಲೇ ಬಾಯಿ ಬಿಡಿ.

ನಮ್ಮ ವೆಲ್ಡರ್ ಈಗ ಮತ್ತೆ ತಣ್ಣನೆಯ ಊಟ ಉಂಡು ಬಂದು ಗೊಣಗುತ್ತಾನೆ. ಆ ಗೊಣಗಾಟ ಕೇಳಿದರೆ ಹೆಂಡತಿಗೆ ನೆಮ್ಮದಿ.