ಮನೆಗೆ ಹೋದವರ ಸಾಲು

ನಮ್ಮ ಲ್ಯಾಬಿನ ಬಾಗಿಲ ಪಕ್ಕ ಒಂದು ಬಿಳಿ ಬೋರ್ಡು ಇದೆ. ಅದರಲ್ಲಿ ಮೂರು ಸಾಲು: ಒಳಗಿದ್ದಾರೆ, ಹೊರಗಿದ್ದಾರೆ, ಮನೆಗೆ ಹೋದರು. ಒಬ್ಬೊಬ್ಬರ ಹೆಸರಿಗೂ ಒಂದೊಂದು ಮ್ಯಾಗ್ನೆಟ್. ಬಂದ ಕೂಡಲೇ ಒಳಗಿನ ಸಾಲಿಗೆ, ಹೊರಡುವಾಗ ಮನೆಯ ಸಾಲಿಗೆ ನಾವೇ ಸರಿಸಬೇಕು. ಜಪಾನಿನ ಈ ಸೆಂಡಾಯ್‌ನಲ್ಲಿ ಭೂಮಿ ಯಾವಾಗ ನಡುಗುತ್ತದೋ ಹೇಳಲಾಗದು. ನಡುಗಿದರೆ ಆ ಬೋರ್ಡು ನೋಡಿಯೇ ಯಾರನ್ನು ಹುಡುಕಬೇಕೆಂದು ತೀರ್ಮಾನಿಸುತ್ತಾರೆ. ನಾನು ಡಾಕ್ಟರೇಟಿಗೆ ಸೇರಿದ ದಿನ ಎಲ್ಲಕ್ಕಿಂತ ಮೊದಲು ಹೇಳಿಕೊಟ್ಟದ್ದು ಇದನ್ನೇ.

ಕೊರೊನಾದ ಎರಡನೇ ವರ್ಷ, ಟೀವಿಯವರು ‘ಇಂಡಿಯಾದ ವೈರಸ್’ ಎಂದು ಶುರು ಮಾಡಿದ ವಾರದಲ್ಲೇ, ನಾನು ಲ್ಯಾಬಿನಲ್ಲಿರುವಾಗಲೇ ನನ್ನ ಮ್ಯಾಗ್ನೆಟ್ ಮನೆಗೆ ಹೋಗತೊಡಗಿತು.

ನಾನು ಬೆಂಗಳೂರಿಗೆ ಹೋಗಿ ಎರಡು ವರ್ಷವಾಗಿತ್ತು. ಆ ವೈರಸ್ಸಿಗೂ ನನಗೂ ಇದ್ದ ನಂಟು ಪಾಸ್‌ಪೋರ್ಟ್ ಒಂದೇ. ಆದರೂ ನನ್ನ ಕುರ್ಚಿ ದಿನಾ ಸ್ಯಾನಿಟೈಸರ್‌ನಿಂದ ಒದ್ದೆಯಾಗಿರುತ್ತಿತ್ತು. ಲಿಫ್ಟಿನಲ್ಲಿ ನಾನಿದ್ದರೆ ಜನ ತಲೆಬಾಗಿಸಿ, ‘ನೀವು ಹೋಗಿ’ ಎಂದು ಹೊರಗೇ ನಿಲ್ಲುತ್ತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಅದು ನನಗೆ ಚೆನ್ನಾಗಿ ಬರುತ್ತದೆ. ಲ್ಯಾಬಿನ ಸೆಕ್ರೆಟರಿ ಓನೊ-ಸಾನ್ ಒಬ್ಬರೇ ಮೊದಲಿನಂತೆ ಮಾತಾಡಿಸುತ್ತಿದ್ದರು. ಮಾಸ್ಕ್ ಸಿಗದ ದಿನಗಳಲ್ಲಿ ನನಗೆಂದೇ ನೀಲಿ ಬಟ್ಟೆಯ ಮಾಸ್ಕ್ ಹೊಲಿದುಕೊಟ್ಟಿದ್ದ ಹೆಂಗಸು ಅವರು.

ಲ್ಯಾಬಿನಲ್ಲಿದ್ದ ಇನ್ನೊಬ್ಬ ಕನ್ನಡಿಗ ಶ್ರೀಪಾದ, ನನಗಿಂತ ಆರು ವರ್ಷ ಸೀನಿಯರ್. ಕೊಂಬಿನಿ ಅಂಗಡಿಯ ಮುಂದೆ ಕಾಫಿ ಕುಡಿಯುವಾಗ ಅವರಿಗೆ ಹೇಳಿದೆ.

"ಯಾರೋ ಬೇಕಂತ್ಲೇ ಮಾಡ್ತಿದಾರೆ, ಶ್ರೀಪಾದ್. ಕಂಪ್ಲೇಂಟ್ ಕೊಡೋಣ ಬನ್ನಿ. ಕ್ಯಾಂಪಸ್ಸಲ್ಲಿ ಅದಕ್ಕೇ ಅಂತ ಆಫೀಸ್ ಇದೆಯಲ್ಲ?"

"ಒಂದ್ ಮ್ಯಾಗ್ನೆಟ್‌ಗೆ ಕಂಪ್ಲೇಂಟಾ? ನಿನ್ ಥೀಸಿಸ್‌ಗೆ ಪ್ರೊಫೆಸರ್ರೇ ಸೈನ್ ಹಾಕ್ಬೇಕಮ್ಮಾ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ಯಾರ್ ಹತ್ರಾನೂ ಹೇಳೋಕ್ ಹೋಗ್ಬೇಡ."

ನಾವು ಪರದೇಶಕ್ಕೆ ಬರುವಾಗ ಉಪ್ಪಿನಕಾಯಿಯ ಜೊತೆ ಕಟ್ಟಿಕೊಂಡು ಬರುವ ಮಾತು ಈ ‘ಅಡ್ಜಸ್ಟ್’. ಹಲ್ಲು ಕಚ್ಚಿ ಸುಮ್ಮನಾದೆ. ಕಂಡಾಗಲೆಲ್ಲ ಮ್ಯಾಗ್ನೆಟನ್ನು ಒಳಗೆ ಸರಿಸುತ್ತಿದ್ದೆ. ಚಹಾ ಕುಡಿದು ಬರುವಷ್ಟರಲ್ಲಿ ಅದು ಮತ್ತೆ ಮನೆಯಲ್ಲಿರುತ್ತಿತ್ತು. ಬರಬರುತ್ತಾ ಆ ಬೋರ್ಡಿನ ಮುಂದೆ ಹಾದುಹೋಗಲೂ ಹೆದರಿಕೆಯಾಗುತ್ತಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಕೋಲ್ಡ್ ರೂಮಿನಲ್ಲಿದ್ದೆ. ಹೆಸರಿಗೆ ರೂಮು, ಅಸಲಿಗೆ ಆಳು ಒಳಗೆ ಹೋಗುವಂಥ ಫ್ರಿಜ್ಜು. ಫೋನು ಹೊರಗೆ ಮೇಜಿನ ಮೇಲಿತ್ತು. ಇದ್ದಕ್ಕಿದ್ದಂತೆ ನೆಲ ಜಾರಿದಂತಾಯಿತು, ದೀಪ ಹೋಯಿತು. ಬಾಟಲಿಗಳ ಸಮೇತ ಕಬ್ಬಿಣದ ಶೆಲ್ಫು ಬಾಗಿಲಿಗೆ ಅಡ್ಡ ಬಿತ್ತು. ಕತ್ತಲಲ್ಲಿ ಎಳೆದೆ, ಅಲುಗಲಿಲ್ಲ. ಬಾಗಿಲು ಬಡಿದೆ. ಹೊರಗೆ ಓಡುವ ಕಾಲುಗಳ ಸದ್ದು ಕೇಳಿತು, ಆಮೇಲೆ ಅದೂ ನಿಂತಿತು. ಬೋರ್ಡು ನೋಡಿ ಹುಡುಕಲು ಬರುತ್ತಾರೆ ಎಂದುಕೊಂಡೆ. ಬೋರ್ಡು ಏನು ಹೇಳುತ್ತಿದೆ ಎಂಬುದು ಆಗ ನೆನಪಾಯಿತು.

ಕೆಳಗೆ ಪಾರ್ಕಿಂಗ್‌ನಲ್ಲಿ ನಡೆದದ್ದನ್ನು ಆಮೇಲೆ ಕೇಳಿದೆ. ನಮ್ಮ ಪ್ರೊಫೆಸರ್ ಕುದೋ ಸೆನ್ಸೇ ಹೊರಗೋಡುವಾಗ ತೆಗೆದುಕೊಂಡ ಬೋರ್ಡಿನ ಫೋಟೋ ನೋಡಿ ಹೆಸರು ಕೂಗಿದರಂತೆ. ನನ್ನದು ಬಂದಾಗ, "ವರ್ಷಿಣಿ-ಸಾನ್ ಮನೆಗೆ ಹೋಗಿದ್ದಾರೆ, ಎಲ್ಲರೂ ಕ್ಷೇಮ" ಎಂದರಂತೆ. ಎಲ್ಲರೂ ತಲೆಯಾಡಿಸಿದರು. ಸರಿಸುತ್ತಿದ್ದವರನ್ನು ಬಿಟ್ಟರೆ, ಆ ಬೋರ್ಡು ಸುಳ್ಳು ಹೇಳುತ್ತದೆ ಎಂದು ಗೊತ್ತಿದ್ದದ್ದು ಒಬ್ಬರಿಗೇ, ಯಾಕೆಂದರೆ ಬೇರೆ ಯಾರಿಗೂ ಹೇಳಬೇಡ ಎಂದವರು ಅವರೇ. ಶ್ರೀಪಾದ ಯಾರ ಮಾತೂ ಕೇಳದೆ ಮೆಟ್ಟಿಲು ಹತ್ತಿ ಬಂದರು. ಬಾಗಿಲು ತೆರೆಯುವ ಹೊತ್ತಿಗೆ ನನ್ನ ಬೆರಳುಗಳು ಮರಗಟ್ಟಿದ್ದವು. ಅವರು ಅಳುತ್ತಿದ್ದರು.

ಆ ವಾರದ ಸಾಲುರಜೆ ಮುಗಿದ ಮೇಲೆ ಮೀಟಿಂಗ್ ಕರೆದರು. ಸೆನ್ಸೇ ಮೆಲ್ಲಗೆ, "ಯಾರೋ ತಿಳಿಯದೆ ಸರಿಸಿರಬೇಕು. ಇಲ್ಲಿ ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಇದನ್ನು ಇಲ್ಲಿಗೇ ಬಿಡೋಣ" ಎಂದರು.

"ಇಲ್ಲ, ಬಿಡೋದಿಲ್ಲ. ಅವಳ ಮ್ಯಾಗ್ನೆಟ್ ತಿಂಗಳಿಂದ ದಿನಾ ಸರೀತಿದೆ. ನನಗೆ ಗೊತ್ತಿತ್ತು" ಎಂದು ಶ್ರೀಪಾದ ಜಪಾನಿ ಭಾಷೆಯಲ್ಲೇ ಹೇಳಿದರು.

ನನ್ನ ಪಿತ್ತ ನೆತ್ತಿಗೇರಿತು. ಎದ್ದುಹೋಗಿ ಬೋರ್ಡಿನ ಮೇಲಿದ್ದ ಮ್ಯಾಗ್ನೆಟ್‌ಗಳನ್ನೆಲ್ಲ ಕಿತ್ತು ಮೇಜಿನ ಮೇಲೆ ಸುರಿದೆ.

"ಈಗ ಭೂಮಿ ನಡುಗಿದರೆ ಯಾರನ್ನು ಹುಡುಕುತ್ತೀರಿ?"

ಸೆನ್ಸೇ ಓನೊ-ಸಾನ್ ಕಡೆ ನೋಡಿದರು. ಲ್ಯಾಬಿನಲ್ಲಿ ಚೆಲ್ಲಿದ್ದನ್ನು ಜೋಡಿಸುವುದು ಅವರ ಕೆಲಸ. ಅವರು, "ಸುಮಿಮಾಸೆನ್, ಕ್ಷಮಿಸಿ" ಎಂದು ಎದ್ದು ಮ್ಯಾಗ್ನೆಟ್‌ಗಳನ್ನು ಒಂದೊಂದಾಗಿ ಒಳಗಿನ ಸಾಲಿಗೆ ಅಂಟಿಸಿದರು. ಎಷ್ಟೋ ವರ್ಷದ ರೂಢಿ, ಕೈ ತಾನಾಗಿ ಓಡುತ್ತಿತ್ತು. ಕೊನೆಗೆ ನನ್ನದು ಉಳಿಯಿತು. ಜೇಬಿನಿಂದ ಟಿಶ್ಯೂ ತೆಗೆದು ಅದನ್ನು ಅದರಲ್ಲಿ ಹಿಡಿದು, ಮನೆಗೆ ಹೋದವರ ಸಾಲಿಗೆ ಅಂಟಿಸಿದರು.

ಅಂಟಿಸಿದ ಮೇಲೆ ಅವರ ಕೈ ಅಲ್ಲೇ ನಿಂತಿತು. ಕೋಣೆಯಲ್ಲಿದ್ದವರೆಲ್ಲ ಆ ಕೈಯನ್ನು ನೋಡುತ್ತಿದ್ದರು. ಓನೊ-ಸಾನ್ ತಿರುಗಿ ನನ್ನನ್ನು ನೋಡಿದರು. ಅವರ ಎದುರಿಗೇ ನಿಂತಿದ್ದೆ, ಅವರು ಹೊಲಿದುಕೊಟ್ಟ ನೀಲಿ ಮಾಸ್ಕ್ ಹಾಕಿಕೊಂಡು.