ಹಳದಿ ಚೀಲ ಇಟ್ಟ ಕುರ್ಚಿ

ಬ್ಲಾಗ್ ಬರೆಯುವವರ ಸಮಾವೇಶಕ್ಕೆ ಬಂದು ಕೂತಾಗಿನಿಂದ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸುವ ಕೆಲಸಕ್ಕೆ ರಜೆ ಹಾಕಿ, "ಮನೇಲಿ ಕೂತು ಬರೆಯೋರಿಗೆ ಸಭೆ ಯಾಕೆ ಬೇಕು?" ಅಂತ ಗಂಡನ ಕೈಲಿ ಅನ್ನಿಸಿಕೊಂಡು ಬಂದದ್ದು ಈ ಚೆಂದಕ್ಕೇ?

ಮೊದಲ ಅಧ್ವಾನ ಬಾಗಿಲಲ್ಲೇ ಆಗಿತ್ತು. ಬ್ಲಾಗಿಗರಿಗೆ ಒಬ್ಬರಿಗೊಬ್ಬರ ಪರಿಚಯ ಇರುವುದು ಬ್ಲಾಗಿನಲ್ಲಿ ಇಟ್ಟುಕೊಂಡ ಹೆಸರಿನಿಂದ. ಅವಳು ಅಲ್ಲಿ 'ಗೀರುಗಾಜು'. ಸಂಘಟಕರೆಂಬ ಬುದ್ಧಿವಂತರು ಎಲ್ಲರ ಕೊರಳಿಗೂ ಅಪ್ಪ ಅಮ್ಮ ಇಟ್ಟ ಹೆಸರಿನ ಬಿಲ್ಲೆ ತೂಗುಹಾಕಿದ್ದರು. ಅದರ ಮೇಲೆ ಖರ್ಚು ವಹಿಸಿಕೊಂಡ ಮಿಕ್ಸಿ ಕಂಪನಿಯ ಹೆಸರು ದಪ್ಪ ಅಕ್ಷರದಲ್ಲಿ. ವರ್ಷಗಟ್ಟಲೆ ಹರಟೆ ಹೊಡೆದವರೆಲ್ಲ ಈಗ ಒಬ್ಬರನ್ನೊಬ್ಬರು ಗುರುತೇ ಹಿಡಿಯದೆ ಹಲ್ಲು ಕಿರಿದು ಮುಂದೆ ಹೋಗುತ್ತಿದ್ದರು.

ಅವಳು ಬಂದಿದ್ದು ಒಬ್ಬರೇ ಒಬ್ಬರನ್ನು ನೋಡಲು. ಅವರ ಹೆಸರು 'ಹಳೇ ಕೊಡೆ'; ಸಭೆಗೆ ಬರುತ್ತೇನೆ ಅಂತ ಅವರೂ ಬರೆದಿದ್ದರು. ಉಳಿದವರು ಅವಳ ಬರಹದ ಕೆಳಗೆ 'ಸೂಪರ್' ಅಂತ ಬರೆದು, ನಮ್ಮದೂ ಓದಿ ಅಂತ ಕೈ ಒಡ್ಡುವವರು. ಹಳೇ ಕೊಡೆ ಹಾಗಲ್ಲ. ಬರೆದು ಏನು ಪ್ರಯೋಜನ, ಬ್ಲಾಗ್ ಮುಚ್ಚಿಬಿಡೋಣ ಅಂತ ಅವಳು ಬೇಸತ್ತ ದಿನ ಅವರ ಒಂದು ಪ್ರಶ್ನೆ ಬಂದಿತ್ತು: "ನಿಮ್ಮ ಅತ್ತೆಯ ಬೆಕ್ಕು ಹೋದ ವರ್ಷ ಮರಿ ಹಾಕಿತ್ತಲ್ಲ, ಈಗ ಗಂಡು ಹೇಗಾಯ್ತು?" ತಪ್ಪು ಸಿಕ್ಕಿಬಿದ್ದ ನಾಚಿಕೆಯಲ್ಲೂ ಅವಳಿಗೆ ಅಳು ಬರುವಷ್ಟು ಸಂತೋಷವಾಗಿತ್ತು. ಒಬ್ಬರಾದರೂ ಪೂರ್ತಿ ಓದುತ್ತಿದ್ದಾರೆ! ಆ ಸಂತೋಷವನ್ನು ಎದುರಿಗೇ ಹೇಳಬೇಕಿತ್ತು, ಅಷ್ಟೇ.

ಅದಕ್ಕೇ ಪಕ್ಕದ ಕುರ್ಚಿಯ ಮೇಲೆ ತನ್ನ ಹಳದಿ ಚೀಲ ಇಟ್ಟಿದ್ದಳು. ಬೆಳಗ್ಗೆ ಬಿಳಿ ಬೂಟು ಹಾಕಿದ್ದ ಒಬ್ಬ ನರ್ಸ್ ಬಂದು ನಿಂತಿದ್ದಳು.

"ಇಲ್ಲಿ ಯಾರಾದ್ರೂ ಇದಾರಾ?"

"ಇದಾರೆ. ಬರ್ತಾರೆ."

"ಅವರು ಬರೋವರೆಗೂ ಕೂತಿರ್ಲಾ? ಪಾಳಿ ಮುಗಿಸಿ ಹಾಗೇ ಬಂದೆ, ಕಾಲು ಬಿದ್ದೋಗ್ತಿದೆ."

"ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ?"

ನರ್ಸ್ ಹೋಗಿ ಹಿಂದೆ ಗೋಡೆಗೆ ಒರಗಿ ನಿಂತಳು. ಅಷ್ಟು ಗಡುಸಾಗಿ ಹೇಳಬಾರದಿತ್ತು ಅನ್ನಿಸಿತು ಅವಳಿಗೆ. ಆದರೆ ವೇದಿಕೆಯ ಮೇಲೆ ಮಿಕ್ಸಿ ಕಂಪನಿಯವನು ಮಿಕ್ಸಿಯನ್ನು ಗರ್ ಅನ್ನಿಸುತ್ತಾ, ಬ್ಲಾಗಿನಿಂದ ಸಾಮಾನು ಮಾರುವುದು ಹೇಗೆ ಅಂತ ಕೊರೆಯುತ್ತಿದ್ದ. ಆ ಗಲಾಟೆಯಲ್ಲಿ ಯಾರಿಗೆ ತಾನೇ ತಾಳ್ಮೆ ಇರುತ್ತೆ?

ಊಟದ ಬಿಡುವಿನಲ್ಲಿ ತಲೆ ನೆರೆತವರನ್ನೆಲ್ಲ ಹುಡುಕಿಕೊಂಡು ಹೋದಳು. ಹಳೇ ಕೊಡೆ ಅಂದರೆ ವಯಸ್ಸಾದವರೇ ಅಂತ ಅವಳು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು. ಒಬ್ಬ ನಿವೃತ್ತ ಮೇಷ್ಟ್ರನ್ನು "ಹಳೇ ಕೊಡೆ ನೀವೇನಾ?" ಅಂತ ಕೇಳಿದಾಗ ಅವರು ಕೆಂಡವಾದರು.

"ಏನಮ್ಮಾ, ದೊಡ್ಡವರ ಹತ್ರ ಮಾತಾಡೋ ರೀತಿನಾ ಇದು?"

ಸಭೆ ಮುಗಿಯುವ ಹೊತ್ತಾದರೂ ಆ ಮಹಾನುಭಾವರ ಸುಳಿವಿಲ್ಲ. ಕೈ ಕೊಟ್ಟರಲ್ಲ ಅಂತ ಸಿಟ್ಟು ನೆತ್ತಿಗೇರುತ್ತಿರುವಾಗಲೇ ಸುತ್ತಮುತ್ತ ನಾಲ್ಕೈದು ಫೋನುಗಳು ಟಿಂಗ್ ಅಂದವು. ಅವಳೂ ತನ್ನ ಫೋನು ತೆಗೆದು ನೋಡಿದಳು.

ಅವಳದೇ ಬರಹ! ಸಮಾವೇಶದ ಬಗ್ಗೆ ಮೊದಲು ಯಾರು ಬರೆಯುತ್ತಾರೋ ಓದುಗರು ಅತ್ತಲೇ ಓಡುತ್ತಾರೆ ಅಂತ ಅವಳು ಮೊನ್ನೆಯೇ ಎಲ್ಲವನ್ನೂ ಬರೆದು, ಸಂಜೆ ತಾನಾಗಿ ಪ್ರಕಟವಾಗುವಂತೆ ಇಟ್ಟಿದ್ದಳು. ಇವತ್ತಿನ ಉರಿಯಲ್ಲಿ ಅದು ಮರೆತೇಹೋಗಿತ್ತು. 'ಹಳದಿ ಚೀಲ ಇಟ್ಟು ಕುರ್ಚಿ ಹಿಡಿದಿದ್ದೆ. ಬೆಳ್ಳಿಗೂದಲಿನ ಹಿರಿಯರೊಬ್ಬರು ಕೈಗೆ ಕೊಡೆ ನೇತುಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ದಿನವಿಡೀ ಮಾತಾಡಿದೆವು.' ಇಂಥ ಹಸಿ ಸುಳ್ಳು!

ಕೆಳಗೆ ಆಗಲೇ ಪ್ರತಿಕ್ರಿಯೆಗಳು ಸಾಲುಗಟ್ಟಿದ್ದವು. 'ಸೂಪರ್.' 'ನಿಮ್ಮನ್ನು ಭೇಟಿಯಾಗಿ ಖುಷಿಯಾಯಿತು.' ಹಾಗೆ ಬರೆದವರಲ್ಲಿ ಒಬ್ಬರೂ ಅವಳನ್ನು ಮಾತಾಡಿಸಿರಲಿಲ್ಲ. ಅಳಿಸಿಬಿಡೋಣ ಅಂತ ಬೆರಳು ಎತ್ತುವಷ್ಟರಲ್ಲಿ ಇನ್ನೊಂದು ಬಂತು. ಹಳೇ ಕೊಡೆಯದು.

"ಅಕ್ಕಾ, ಯಾರು ಆ ಹಿರಿಯರು? ಕೊಡೆ ನಮ್ಮ ತಾತಂದು, ಅದು ಹಳೇದು. ನನ್ನ ತಲೆ ಇನ್ನೂ ನೆರೆತಿಲ್ಲ. ನಾನು ಬಂದಿದ್ದೆ. ಹಳದಿ ಚೀಲದ ಕುರ್ಚಿ ನಂಗೆ ಅಂತಲೇ ಇಟ್ಟಿದ್ದು ಅಂತ ಈಗ ಬಸ್ಸಲ್ಲಿ ಓದ್ದಾಗ ಗೊತ್ತಾಯ್ತು. ಬೆಳಗ್ಗೆ ನಾನು ಅದನ್ನೇ ಕೇಳಿದ್ದೆ."

ಅವಳು ತಟ್ಟನೆ ಹಿಂದೆ ತಿರುಗಿದಳು. ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಇಡೀ ಸಭೆಯಲ್ಲಿ ಅವಳ ಸುಳ್ಳನ್ನು ಹಿಡಿಯುವಷ್ಟು ಗಮನವಿಟ್ಟು ಓದಿದ್ದು ಆ ನರ್ಸ್ ಒಬ್ಬಳೇ. 'ತಪ್ಪಾಯ್ತು' ಅಂತ ಬರೆದಳು, ಅಳಿಸಿದಳು, ಮತ್ತೆ ಬರೆದು ಕಳಿಸಿದಳು. ಉತ್ತರ ಬರಲಿಲ್ಲ.

ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅದನ್ನೇ ಕಾಯುತ್ತಿದ್ದವನ ಹಾಗೆ ಮಿಕ್ಸಿಯವನು ಬೆವರು ಒರೆಸಿಕೊಳ್ಳುತ್ತಾ ಬಂದ.

"ಮೇಡಂ, ಇಲ್ಲಿ ಯಾರಾದ್ರೂ ಇದಾರಾ?"

"ಇಲ್ಲ," ಅಂದಳು. "ಕೂತ್ಕೊಳ್ಳಿ."